ರಿಪೇರಿ ಆಯ್ತು, ಬೈಕು ಎಳೀತಿಲ್ಲ

ಮನೆಯಲ್ಲೇ ಬಿಚ್ಚಿ ಜೋಡಿಸಿದ ಬೈಕು ಸ್ಟಾರ್ಟ್ ಆಗುತ್ತದೆ. ನಿಂತಲ್ಲೇ ರೇಸ್ ಕೊಟ್ಟರೆ ಜೋರಾಗಿ ಕೂಗುತ್ತದೆ. ರಸ್ತೆಗಿಳಿಸಿ ಮೂರನೇ ಗೇರು ಹಾಕಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಮುಗ್ಗರಿಸುತ್ತದೆ. ಆಗ ಬಹುತೇಕರ ಕೈ ನೇರವಾಗಿ ಹೋಗುವುದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿನ ಸ್ಕ್ರೂಗೆ. ಕಾಲು ಸುತ್ತು ಒಳಗೆ, ಅರ್ಧ ಸುತ್ತು ಹೊರಗೆ, ಐಡಲ್ (ರೇಸ್ ಕೊಡದಿರುವಾಗಿನ ಓಟ) ಸ್ವಲ್ಪ ಜಾಸ್ತಿ. ಹತ್ತು ನಿಮಿಷ ಕಳೆಯುವುದರೊಳಗೆ ಮೂಲ ತಪ್ಪಿನ ಮೇಲೆ ಇನ್ನೆರಡು ತಪ್ಪು ಬಂದು ಕೂತಿರುತ್ತವೆ. ಆಮೇಲೆ ಯಾವುದು ಯಾವುದರಿಂದ ಬಂತು ಎಂದು ಬಿಡಿಸುವುದು ಮೊದಲ ರಿಪೇರಿಗಿಂತ ದೊಡ್ಡ ಕೆಲಸ.

ಸ್ಕ್ರೂ ಮುಟ್ಟುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಬಿಚ್ಚುವ ಮುಂಚೆ ಇದ್ದ ತೊಂದರೆ ಇದೇನಾ, ಬೇರೆಯಾ? ಅದೇ ತೊಂದರೆ ಹಾಗೇ ಉಳಿದಿದ್ದರೆ ನಿಮ್ಮ ಕೆಲಸದಲ್ಲಿ ತಪ್ಪಿಲ್ಲದೆಯೂ ಇರಬಹುದು. ರೋಗ ಒಂದು ಕಡೆ, ಮದ್ದು ಇನ್ನೊಂದು ಕಡೆ ಆಗಿದೆ ಅಷ್ಟೆ. ತೊಂದರೆ ಹೊಸದಾಗಿದ್ದರೆ ಅದರ ಕಾರಣ ನೀವು ಕೈ ಹಾಕಿದ ಜಾಗದ ಆಸುಪಾಸಿನಲ್ಲೇ ಇರುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ, ಪ್ಲಗ್ಗಿನ ಕಿಡಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್, ನೀವು ಕಾರ್ಬುರೇಟರ್ ತೊಳೆದ ದಿನವೇ ತಾನಾಗಿ ಸಾಯುವುದು ತೀರಾ ಅಪರೂಪ. ಆದರೆ ಕಾರ್ಬುರೇಟರ್ ತೆಗೆಯಲು ಟ್ಯಾಂಕ್ ಎತ್ತಿದಾಗ ಕಾಯಿಲಿನ ವಯರ್ ಸಡಿಲವಾಗುವುದು ಅಪರೂಪವೇನಲ್ಲ. ‘ಕೈ ಹಾಕಿದ ಜಾಗ’ ಎಂದರೆ ರಿಪೇರಿ ಮಾಡಿದ ಭಾಗ ಮಾತ್ರ ಅಲ್ಲ. ಅಲ್ಲಿಗೆ ತಲುಪಲು ಸರಿಸಿದ, ಎತ್ತಿದ, ಬಗ್ಗಿಸಿದ ಎಲ್ಲವೂ ಅದರಲ್ಲಿ ಸೇರುತ್ತದೆ.

ಇನ್ನೊಂದು ಬಗೆಯೂ ಇದೆ, ಅದು ಜನರನ್ನು ಚೆನ್ನಾಗಿ ಸತಾಯಿಸುತ್ತದೆ. ರಿಪೇರಿ ಸರಿಯಾಗಿಯೇ ಆಗಿರುತ್ತದೆ, ಆದರೆ ಹಳೆಯ ಹೊಂದಾಣಿಕೆಯೊಂದು ಬಯಲಾಗುತ್ತದೆ. ಉದಾಹರಣೆಗೆ, ಏರ್ ಫಿಲ್ಟರ್ ಧೂಳು ಹಿಡಿದು ಗಾಳಿ ಕಡಿಮೆಯಾಗಿದ್ದ ಗಾಡಿಗೆ ಯಾರೋ ಹಿಂದೆ ಅದಕ್ಕೆ ತಕ್ಕಂತೆ ಪೆಟ್ರೋಲ್ ತಗ್ಗಿಸಿ ಟ್ಯೂನ್ ಮಾಡಿರುತ್ತಾರೆ. ನೀವು ಹೊಸ ಫಿಲ್ಟರ್ ಹಾಕಿದಿರಿ. ಈಗ ಗಾಳಿ ಸರಿಯಾಗಿ ಬರುತ್ತಿದೆ, ಪೆಟ್ರೋಲ್ ಸಾಲುತ್ತಿಲ್ಲ. ಒಳ್ಳೆಯ ಭಾಗ ಹಾಕಿದ್ದಕ್ಕೇ ಬೈಕು ಕೆಟ್ಟಂತೆ ಕಾಣುತ್ತದೆ.

ಒಂದು ಕಾಗದ ತೆಗೆದುಕೊಂಡು, ಬಿಚ್ಚಿದ ಕ್ರಮದಲ್ಲಿ ಪ್ರತಿಯೊಂದನ್ನೂ ಬರೆದುಕೊಳ್ಳಿ. ಸೀಟು, ಟ್ಯಾಂಕು, ಪೆಟ್ರೋಲ್ ಪೈಪು, ಫಿಲ್ಟರ್ ಡಬ್ಬಿಯ ಕ್ಲಿಪ್ಪು, ಆಕ್ಸಿಲರೇಟರ್ ಕೇಬಲ್ಲು. ಬಾಲಿಶ ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಒಮ್ಮೆ ಕಾರ್ಬುರೇಟರ್ ತೆಗೆದಿದ್ದಾಗ ಧೂಳು ಹೋಗದಿರಲಿ ಎಂದು ಏರ್ ಫಿಲ್ಟರಿನಿಂದ ಬರುವ ರಬ್ಬರ್ ಕೊಳವೆಗೆ ಹಳೇ ಬಟ್ಟೆಯ ಚೂರೊಂದನ್ನು ತುರುಕಿದ್ದೆ. ಜೋಡಿಸಿದ ಮೇಲೆ ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಐಡಲ್ ಚೊಕ್ಕವಾಗಿತ್ತು. ಕಾಲು ಆಕ್ಸಿಲರೇಟರ್ ದಾಟಿದರೆ ಮಾತ್ರ ಗೊಗ್ಗರು ದನಿ, ಕಪ್ಪು ಹೊಗೆ. ಎರಡು ಸಂಜೆ ಕಾರ್ಬುರೇಟರಿನ ಜೆಟ್ಟುಗಳನ್ನು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ತುಂಡುಗಳು) ಮತ್ತೆ ಮತ್ತೆ ತೊಳೆದೆ, ಪ್ಲಗ್ ಬದಲಿಸಿದೆ. ಮೂರನೆಯ ಸಂಜೆ ಕೊಳವೆಯ ಕ್ಲಿಪ್ ಸಡಿಲಿಸಿದಾಗ ಬಟ್ಟೆಯ ತುದಿ ಕಾಣಿಸಿತು. ಐಡಲ್‌ನಲ್ಲಿ ಇಂಜಿನ್ನಿಗೆ ಬೇಕಾದ ಗಾಳಿ ಎಷ್ಟು ಕಡಿಮೆಯೆಂದರೆ, ಅದು ಬಟ್ಟೆಯ ಎಳೆಗಳ ನಡುವಿನಿಂದಲೇ ಬರುತ್ತಿತ್ತು. ಕಾಗದದಲ್ಲಿ ‘ಕೊಳವೆಗೆ ಬಟ್ಟೆ’ ಎಂದು ಎರಡು ಪದ ಬರೆದಿದ್ದರೆ ಮೂರು ಸಂಜೆ ಉಳಿಯುತ್ತಿದ್ದವು.

ಇಂಜಿನ್ನಿನ ತಪ್ಪೇ ಹೌದಾ?

‘ಪಿಕಪ್ ಇಲ್ಲ’ ಅನ್ನುವ ದೂರಿನಲ್ಲಿ ಇಂಜಿನ್ನಿನ ಪಾತ್ರವೇ ಇಲ್ಲದಿರಬಹುದು. ಇಂಜಿನ್ ಬೇಕಾದಷ್ಟು ಶಕ್ತಿ ಹುಟ್ಟಿಸುತ್ತಿರುತ್ತದೆ, ಅದು ಚಕ್ರ ತಲುಪುತ್ತಿರುವುದಿಲ್ಲ.

ಮೊದಲ ಅನುಮಾನ ಕ್ಲಚ್ಚಿನ ಮೇಲೆ. ಹೆಚ್ಚಿನ ಗೇರಿನಲ್ಲಿ ಒಮ್ಮೆಲೇ ಆಕ್ಸಿಲರೇಟರ್ ತಿರುಗಿಸಿದಾಗ ಇಂಜಿನ್ ಸದ್ದು ಸರ್ರನೆ ಏರಿ, ವೇಗ ಮಾತ್ರ ನಿಧಾನವಾಗಿ ಹಿಂಬಾಲಿಸಿದರೆ ಕ್ಲಚ್ ಜಾರುತ್ತಿದೆ. ಇಂಜಿನ್ನೇ ದುರ್ಬಲವಾಗಿದ್ದರೆ ಸದ್ದೂ ಏರುವುದಿಲ್ಲ. ಮನೆಯಲ್ಲಿ ಕೆಲಸ ಮಾಡಿದವರು ಇದನ್ನು ಎರಡು ದಾರಿಯಲ್ಲಿ ತಂದುಕೊಳ್ಳುತ್ತಾರೆ. ಒಂದು, ಕ್ಲಚ್ ಕೇಬಲ್ಲನ್ನು ತೀರಾ ಬಿಗಿ ಮಾಡುವುದು. ಲಿವರಿನ ಬುಡದಲ್ಲಿ 2-3 ಮಿ.ಮೀ. ಆಟ ಇರಲೇಬೇಕು, ಇಲ್ಲದಿದ್ದರೆ ಕ್ಲಚ್ ಯಾವಾಗಲೂ ಸ್ವಲ್ಪ ಒತ್ತಿ ಹಿಡಿದ ಹಾಗೇ ಇರುತ್ತದೆ. ಇನ್ನೊಂದು, ಕಾರಿನ ಆಯಿಲ್ ಸುರಿಯುವುದು. ಬಹುತೇಕ ಬೈಕುಗಳಲ್ಲಿ ಕ್ಲಚ್ ಪ್ಲೇಟುಗಳು ಇಂಜಿನ್ ಆಯಿಲಿನಲ್ಲೇ ಮುಳುಗಿರುತ್ತವೆ. ಕಾರಿನ ಹಲವು ಆಯಿಲುಗಳಲ್ಲಿ ಘರ್ಷಣೆ ತಗ್ಗಿಸುವ ಸೇರ್ಪಡೆಗಳಿರುತ್ತವೆ. ಅವು ಬೇರಿಂಗಿಗೆ ಒಳ್ಳೆಯವು, ಘರ್ಷಣೆಯನ್ನೇ ನಂಬಿ ಕೂತ ಕ್ಲಚ್ಚಿಗೆ ಅಲ್ಲ. ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 ಎಂದಿದ್ದರೆ ಅದು ಇಂಥ ಕ್ಲಚ್ಚಿಗೆ ಹೊಂದುವ ಆಯಿಲ್. ಎಂಬಿ ಎಂದಿದ್ದರೆ ಅದು ಒಣ ಕ್ಲಚ್ಚಿನ ಸ್ಕೂಟರುಗಳಂಥವಕ್ಕೆ.

ಆಯಿಲಿನ ಅಳತೆಯನ್ನೂ ನೋಡಿ. ‘ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು’ ಎಂದು ಹಾಕಿದ ಹೆಚ್ಚುವರಿ ಆಯಿಲನ್ನು ಇಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕ್ ಕಡೆಯುತ್ತಾ ಇರಬೇಕಾಗುತ್ತದೆ. ನೊರೆ ಬರುತ್ತದೆ, ಬ್ರೀದರ್ ಪೈಪಿನಿಂದ ಉಕ್ಕಿ ಏರ್ ಫಿಲ್ಟರಿಗೆ ಹೋಗುತ್ತದೆ, ಅಲ್ಲಿಂದ ಉಸಿರುಗಟ್ಟುವ ಕಥೆ ಶುರು.

ಚಕ್ರ ಬಿಚ್ಚಿದ್ದಿರಾ? ಹಾಗಿದ್ದರೆ ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ. ಒಂದೆರಡು ಸುತ್ತು ತಾನೇ ಓಡಬೇಕು. ಬ್ರೇಕ್ ಬಿಗಿಯಾಗಿದ್ದರೆ ಅಥವಾ ಚೈನ್ ತಂತಿಯ ಹಾಗೆ ಸೆಟೆದುಕೊಂಡಿದ್ದರೆ ಅಲ್ಲೇ ಗೊತ್ತಾಗುತ್ತದೆ. ಇದಕ್ಕೆ ಒಂದು ನಿಮಿಷ ಸಾಕು, ಆದರೂ ಇದನ್ನು ಬಿಟ್ಟು ಇಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಿದವರಿದ್ದಾರೆ.

ಯಾವಾಗ ಮುಗ್ಗರಿಸುತ್ತದೆ?

ಕಾರ್ಬುರೇಟರ್ ಬೈಕಾದರೆ ನಿಮ್ಮ ಅತ್ಯುತ್ತಮ ಉಪಕರಣ ಒಂದು ತುಂಡು ಟೇಪು. ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ಗೆರೆ, ಪಕ್ಕದ ಸ್ವಿಚ್ ಡಬ್ಬಿಯ ಮೇಲೆ ನಾಲ್ಕು ಗೆರೆ ಹಾಕಿ: ಮುಚ್ಚಿದ್ದು, ಕಾಲು, ಮುಕ್ಕಾಲು, ಪೂರ್ತಿ. ಗಾಡಿ ಓಡಿಸಿ, ಯಾವ ಗೆರೆಯ ಬಳಿ ತೊಂದರೆ ಎಂದು ನೋಡಿ. ಎಷ್ಟು ಕಿಲೋಮೀಟರ್ ವೇಗದಲ್ಲಿ ಎಂಬುದು ಇಲ್ಲಿ ಮುಖ್ಯವಲ್ಲ, ಹಿಡಿ ಎಷ್ಟು ತಿರುಗಿದೆ ಎಂಬುದು ಮುಖ್ಯ.

ಯಾಕೆಂದರೆ ಕಾರ್ಬುರೇಟರ್ ಒಂದೇ ದಾರಿಯಿಂದ ಪೆಟ್ರೋಲ್ ಕೊಡುವುದಿಲ್ಲ. ಮುಚ್ಚಿದ ಸ್ಥಿತಿಯಿಂದ ಸುಮಾರು ಕಾಲು ಭಾಗದವರೆಗೆ ಪೈಲಟ್ ಜೆಟ್ ಎಂಬ ಸಣ್ಣ ರಂಧ್ರದ್ದೇ ಕಾರುಬಾರು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ: ಆಕ್ಸಿಲರೇಟರ್ ತಿರುಗಿಸಿದಾಗ ಗಾಳಿಯ ದಾರಿ ತೆರೆಯುವ ಸ್ಲೈಡ್ ಮೇಲೇರಿದಂತೆ ಮೊನಚಾದ ಸೂಜಿಯೂ ಏರಿ, ಸುತ್ತಲಿನ ಸಂದು ಅಗಲವಾಗುತ್ತಾ ಹೋಗುತ್ತದೆ. ಮುಕ್ಕಾಲಿನ ಮೇಲೆ ಮೇನ್ ಜೆಟ್. ಗಡಿಗಳು ಇಷ್ಟು ಕರಾರುವಾಕ್ಕಲ್ಲ, ಒಂದರ ಮೇಲೊಂದು ಹಾಯುತ್ತವೆ. ಆದರೂ ಐಡಲ್‌ನಲ್ಲಿ ನಿಲ್ಲದ ಗಾಡಿಗೆ ಮೇನ್ ಜೆಟ್ ಬದಲಿಸುವುದು, ಪೂರ್ತಿ ರೇಸಿನಲ್ಲಿ ಸೋಲುವ ಗಾಡಿಗೆ ಐಡಲ್ ಸ್ಕ್ರೂ ತಿರುಗಿಸುವುದು ವ್ಯರ್ಥ ಎಂಬುದಂತೂ ಇದರಿಂದ ಗೊತ್ತಾಗುತ್ತದೆ.

ಮುಂದಿನ ಪ್ರಶ್ನೆ: ಪೆಟ್ರೋಲ್ ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ? ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಹೆಚ್ಚು ಶಕ್ತಿ ಬೇಕಾದಾಗ ಗಾಳಿ 13ರ ಹತ್ತಿರಕ್ಕೆ ಇಳಿಯಬೇಕು. ಇದನ್ನು ಅಳೆಯುವ ಸಲಕರಣೆ ಮನೆಯಲ್ಲಿ ಇರುವುದಿಲ್ಲ, ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಗಾಡಿಯಲ್ಲಿರುತ್ತದೆ. ತೊಂದರೆ ಇರುವ ಗೆರೆಯ ಬಳಿ ಹಿಡಿ ನಿಲ್ಲಿಸಿ, ಚೋಕನ್ನು ಸ್ವಲ್ಪವೇ ಎಳೆಯಿರಿ. ಗಾಡಿ ಸುಧಾರಿಸಿದರೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಇನ್ನಷ್ಟು ಮುಗ್ಗರಿಸಿದರೆ ಈಗಾಗಲೇ ಹೆಚ್ಚಾಗಿತ್ತು. ಸಾಲದಿದ್ದಾಗ ಇಂಜಿನ್ ವಿಪರೀತ ಬಿಸಿಯಾಗುತ್ತದೆ, ರೇಸ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟಪಟ ಅನ್ನುತ್ತದೆ. ಹೆಚ್ಚಾದಾಗ ದನಿ ಗೊಗ್ಗರಾಗುತ್ತದೆ, ಕಪ್ಪು ಹೊಗೆ, ಪೆಟ್ರೋಲ್ ವಾಸನೆ, ಪ್ಲಗ್ಗಿನ ಮೇಲೆ ಒಣ ಮಸಿ.

ಈಗ ಕೈತಪ್ಪುಗಳಿಗೆ ಬರೋಣ. ಜೆಟ್ಟನ್ನು ತಂತಿಯಿಂದ ಚುಚ್ಚಿ ತೊಳೆಯುವುದು ಎಲ್ಲಕ್ಕಿಂತ ಸಾಮಾನ್ಯ. ಜೆಟ್ ಹಿತ್ತಾಳೆಯದು, ಮೆದು. 1 ಮಿ.ಮೀ. ರಂಧ್ರ ತಂತಿ ಉಜ್ಜಿ 1.05 ಆಯಿತು ಎಂದುಕೊಳ್ಳಿ. ಕಣ್ಣಿಗೆ ಏನೂ ಕಾಣದು, ಆದರೆ ರಂಧ್ರದ ವಿಸ್ತೀರ್ಣ ಶೇ. 10ರಷ್ಟು ಹೆಚ್ಚಾಗಿರುತ್ತದೆ. ಕ್ಲೀನರ್ ದ್ರವದಲ್ಲಿ ನೆನೆಸಿ ಗಾಳಿ ಊದುವುದೇ ಸರಿ.

ಸೂಜಿಯ ತಲೆಯಲ್ಲಿ ಸಾಮಾನ್ಯವಾಗಿ ಕೆಲವು ಗೀರುಗಳಿರುತ್ತವೆ, ಒಂದರಲ್ಲಿ ಪುಟ್ಟ ಕ್ಲಿಪ್ ಕೂತಿರುತ್ತದೆ. ತೊಳೆಯುವಾಗ ಕಳಚಿ, ನೆನಪಿಲ್ಲದೆ ಬೇರೆ ಗೀರಿಗೆ ಹಾಕಿದರೆ ಮಧ್ಯದ ರೇಸಿನಲ್ಲಿ ನಡತೆಯೇ ಬದಲಾಗುತ್ತದೆ. ಕ್ಲಿಪ್ ಮೇಲಿನ ಗೀರಿಗೆ ಹೋದರೆ ಸೂಜಿ ಕೆಳಗಿಳಿದು ಪೆಟ್ರೋಲ್ ಕಡಿಮೆ, ಕೆಳಗಿನ ಗೀರಿಗೆ ಬಂದರೆ ಹೆಚ್ಚು. ಸ್ಲೈಡಿಗೂ ಹಿಂದು ಮುಂದು ಇದೆ. ಅದರ ಬುಡದಲ್ಲಿ ಕತ್ತರಿಸಿದ ಓರೆ ಭಾಗ ಏರ್ ಫಿಲ್ಟರ್ ಕಡೆಗೆ ಮುಖ ಮಾಡಬೇಕು.

ಮಿಕ್ಸ್ಚರ್ ಸ್ಕ್ರೂ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ‘ಹೊರಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು’ ಎಂದು ಒಬ್ಬರು, ‘ಕಡಿಮೆ’ ಎಂದು ಇನ್ನೊಬ್ಬರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಇಬ್ಬರೂ ಸರಿ, ಅವರವರ ಕಾರ್ಬುರೇಟರಿಗೆ. ಸ್ಕ್ರೂ ಏರ್ ಫಿಲ್ಟರ್ ಬದಿಗಿದ್ದರೆ ಅದು ಸಾಮಾನ್ಯವಾಗಿ ಗಾಳಿಯ ಸ್ಕ್ರೂ, ಹೊರಗೆ ತಿರುಗಿಸಿದರೆ ಗಾಳಿ ಹೆಚ್ಚು. ಇಂಜಿನ್ ಬದಿಗಿದ್ದರೆ ಪೆಟ್ರೋಲಿನ ಸ್ಕ್ರೂ, ಹೊರಗೆ ತಿರುಗಿಸಿದರೆ ಪೆಟ್ರೋಲ್ ಹೆಚ್ಚು. ಬಿಚ್ಚುವ ಮುಂಚೆ ಮೆಲ್ಲಗೆ ಒಳಗೆ ತಿರುಗಿಸುತ್ತಾ ಎಷ್ಟು ಸುತ್ತಿಗೆ ತಳ ಮುಟ್ಟಿತು ಎಂದು ಎಣಿಸಿ ಬರೆದಿಟ್ಟುಕೊಂಡಿದ್ದರೆ ಈಗ ವಾಪಸು ಅಲ್ಲಿಗೇ ಹೋಗಬಹುದು. ಬರೆದಿಟ್ಟಿಲ್ಲವಾದರೆ ಮ್ಯಾನ್ಯುಯಲ್ ಹೇಳಿದಷ್ಟು. ಆ ಸಂಖ್ಯೆ ಹೆಚ್ಚಾಗಿ ಒಂದೂವರೆಯಿಂದ ಎರಡೂವರೆ ಸುತ್ತಿನೊಳಗಿರುತ್ತದೆ. ತಳ ಮುಟ್ಟಿದ ಮೇಲೂ ಒತ್ತಿ ತಿರುಗಿಸಿದರೆ ಮೊನೆಯೂ ಅದು ಕೂರುವ ಜಾಗವೂ ಹಾಳು.

ಸಿ.ವಿ. ಬಗೆಯ ಕಾರ್ಬುರೇಟರಿನಲ್ಲಿ ಇನ್ನೊಂದು ಬಲೆ ಇದೆ. ಅದರಲ್ಲಿ ಕೇಬಲ್ ತಿರುಗಿಸುವುದು ಒಂದು ಚಿಟ್ಟೆ ಕವಾಟವನ್ನು ಮಾತ್ರ. ಸ್ಲೈಡನ್ನು ಮೇಲೆತ್ತುವುದು ಇಂಜಿನ್ನಿನ ಎಳೆತ, ತೆಳು ರಬ್ಬರ್ ಡಯಾಫ್ರಮ್ ಮೂಲಕ. ಮುಚ್ಚಳ ಹಾಕುವಾಗ ಡಯಾಫ್ರಮ್ಮಿನ ಅಂಚು ತಾನು ಕೂರುವ ತೋಡಿನಿಂದ ಒಂದು ಕಡೆ ಜಾರಿದರೂ, ಸೂಜಿಮೊನೆಯಷ್ಟು ಹರಿದರೂ ಸ್ಲೈಡ್ ಪೂರ್ತಿ ಏರುವುದಿಲ್ಲ. ಐಡಲ್ ಚೆನ್ನಾಗಿರುತ್ತದೆ, ಒಂದು ಹಂತದ ಮೇಲೆ ಗಾಡಿ ಎಷ್ಟು ತಿರುವಿದರೂ ಏರುವುದಿಲ್ಲ. ಕ್ಲೀನರ್ ಸ್ಪ್ರೇ ತಗುಲಿದರೆ ಈ ರಬ್ಬರ್ ಊದಿಕೊಂಡು ತನ್ನ ಜಾಗದಲ್ಲಿ ಕೂರದಂತಾಗುತ್ತದೆ. ಹೊಸದು ತರುವ ಮುಂಚೆ ಒಂದು ದಿನ ಗಾಳಿಗೆ ಒಣಗಲು ಬಿಡಿ, ಎಷ್ಟೋ ಸಲ ಕುಗ್ಗಿ ಮೊದಲಿನಂತಾಗುತ್ತದೆ.

ಇವೆಲ್ಲಕ್ಕಿಂತ ಸರಳವಾದದ್ದೊಂದಿದೆ: ಇಂಜಿನ್ ಆಫ್ ಇರುವಾಗ ಫಿಲ್ಟರ್ ಬದಿಯಿಂದ ಇಣುಕಿ, ಇನ್ನೊಬ್ಬರಿಗೆ ಆಕ್ಸಿಲರೇಟರ್ ಪೂರ್ತಿ ತಿರುವಲು ಹೇಳಿ. ಸ್ಲೈಡ್ ಅಥವಾ ಚಿಟ್ಟೆ ನಿಜವಾಗಿಯೂ ಪೂರ್ತಿ ತೆರೆಯುತ್ತದಾ? ಕೇಬಲ್ ತಪ್ಪಾಗಿ ಕೂತಿದ್ದರೆ ಹಿಡಿ ಪೂರ್ತಿ ತಿರುಗಿಯೂ ಒಳಗೆ ಮುಕ್ಕಾಲೇ ತೆರೆದಿರಬಹುದು.

ಕದ್ದು ಬರುವ ಗಾಳಿ

ರೇಸ್ ಬಿಟ್ಟ ಮೇಲೂ ಇಂಜಿನ್ ಸದ್ದು ತಕ್ಷಣ ಇಳಿಯದೆ ನೇತಾಡಿ, ನಿಧಾನವಾಗಿ ಕೆಳಗೆ ಬರುತ್ತದೆಯೇ? ಐಡಲ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆಯೇ? ಹಾಗಿದ್ದರೆ ಕಾರ್ಬುರೇಟರ್ ಮತ್ತು ಹೆಡ್ಡಿನ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಇಲ್ಲಿ ಬರುವ ಗಾಳಿ ಕಾರ್ಬುರೇಟರನ್ನು ದಾಟಿ ಬಂದದ್ದಲ್ಲ, ಅದಕ್ಕೆ ಪಾಲಿನ ಪೆಟ್ರೋಲ್ ಸೇರಿಲ್ಲ. ಐಡಲ್‌ನಲ್ಲಿ ಒಟ್ಟು ಗಾಳಿಯೇ ಕಡಿಮೆ ಇರುವುದರಿಂದ ಕೂದಲಷ್ಟು ಬಿರುಕೂ ದೊಡ್ಡ ಗಲಾಟೆ ಎಬ್ಬಿಸುತ್ತದೆ.

ಇವೆರಡನ್ನು ಜೋಡಿಸುವ ಇಂಟೇಕ್ ರಬ್ಬರನ್ನು ಹೊರಗೆ ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿ. ನೆಟ್ಟಗಿರುವಾಗ ಕಾಣದ ಬಿರುಕುಗಳು ಬಗ್ಗಿಸಿದಾಗ ಬಾಯಿ ಬಿಡುತ್ತವೆ. ಬೋಲ್ಟು ಬೀಳುವ ಚಪ್ಪಟೆ ಅಂಚಿನ, ಅಂದರೆ ಫ್ಲ್ಯಾಂಜಿನ, ಒ-ರಿಂಗ್ ಹಳೆಯದಾಗಿ ಚಪ್ಪಟೆಯಾಗಿದೆಯಾ, ಹಾಕಲು ಮರೆತೇ ಹೋಗಿದೆಯಾ ನೋಡಿ. ಎರಡು ಬೋಲ್ಟುಗಳಲ್ಲಿ ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಫ್ಲ್ಯಾಂಜ್ ಸೊಟ್ಟಗೆ ಕೂರುತ್ತದೆ. ಎರಡನ್ನೂ ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಸೋರುವ ಜಾಗ ಹುಡುಕಲು ಹಲವರು ಇಂಜಿನ್ ಓಡುತ್ತಿರುವಾಗ ಕಾರ್ಬ್ ಕ್ಲೀನರ್ ಅಥವಾ ಪೆಟ್ರೋಲ್ ಸಿಂಪಡಿಸುತ್ತಾರೆ. ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಹೊತ್ತಿಕೊಳ್ಳುವ ದ್ರವ ಚಿಮುಕಿಸುವ ಧೈರ್ಯ ನನಗಿಲ್ಲ. ಸೋಪು ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ, ಇಂಜಿನ್ ಇನ್ನೂ ಪೂರ್ತಿ ಬಿಸಿಯಾಗುವ ಮುಂಚೆ, ಸಂದುಗಳಿಗೆ ಒಂದೊಂದಾಗಿ ಹಾಕಿ. ನೀರು ಬಿರುಕನ್ನು ಒಂದು ಕ್ಷಣ ಮುಚ್ಚಿದಾಗ ಐಡಲ್ ಬದಲಾಗುತ್ತದೆ. ಆ ಜಾಗವೇ ಕಳ್ಳ.

ಇದಕ್ಕೆ ತದ್ವಿರುದ್ಧವಾದ, ಗಾಳಿ ಸಿಗದ ತೊಂದರೆಯೊಂದು ಟ್ಯಾಂಕಿನಲ್ಲಿದೆ. ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಗೆ ಬರಬೇಕು. ಟ್ಯಾಂಕ್ ವಾಪಸು ಕೂರಿಸುವಾಗ ಗಾಳಿಯ ಪೈಪು ಅಡಿಗೆ ಸಿಕ್ಕಿ ಚಪ್ಪಟೆಯಾದರೆ ಗಾಡಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಆಮೇಲೆ ನಿತ್ರಾಣವಾಗಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್. ನಿಂತ ತಕ್ಷಣ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್’ ಎಂದು ಗಾಳಿ ಒಳಗೆ ನುಗ್ಗಿ ಗಾಡಿ ಸರಿಯಾದರೆ ಬೇರೇನೂ ಹುಡುಕಬೇಕಿಲ್ಲ.

ಕಿಡಿ

ಕಿಡಿಯ ತೊಂದರೆ ಸಾಮಾನ್ಯವಾಗಿ ಒಮ್ಮೆಗೇ, ಕಡಿದ ಹಾಗೆ ಬರುತ್ತದೆ. ಪೆಟ್ರೋಲಿನದು ಮೆಲ್ಲಗೆ ಸೋಲುವಂಥದ್ದು. ಪ್ಲಗ್ ಕೆಳಗೆ ಬಿದ್ದಿತ್ತಾ? ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕು ಬಂದಿದ್ದರೆ ನಿಂತಲ್ಲಿ ಚೆನ್ನಾಗಿ ಉರಿದು, ಭಾರ ಬಿದ್ದಾಗ ಮಿಸ್ ಹೊಡೆಯುತ್ತದೆ. ಭಾರ ಬಿದ್ದಾಗ ಸಿಲಿಂಡರಿನ ಒತ್ತಡ ಹೆಚ್ಚು, ಆ ಒತ್ತಡದಲ್ಲಿ ಕಿಡಿಗೆ ಗ್ಯಾಪ್ ದಾಟುವುದು ಕಷ್ಟ, ಆಗ ಅದು ಬಿರುಕಿನ ಸುಲಭ ದಾರಿ ಹಿಡಿಯುತ್ತದೆ. ಹೊರಗೆ ತೆಗೆದು ನೋಡಿದಾಗ ಕಿಡಿ ಚೆನ್ನಾಗಿ ಕಂಡಿತು ಎಂಬುದು ಪೂರ್ತಿ ಸಾಕ್ಷಿ ಆಗದಿರುವುದು ಇದಕ್ಕೇ. ಗ್ಯಾಪ್ ಎಷ್ಟಿರಬೇಕೆಂದು ಮ್ಯಾನ್ಯುಯಲ್ ಹೇಳುತ್ತದೆ, ಹೆಚ್ಚಿನ ಬೈಕುಗಳಲ್ಲಿ 0.6ರಿಂದ 0.9 ಮಿ.ಮೀ. ಒಳಗೆ. ಇಂಜಿನ್ನಿಗೆ ಬಣ್ಣ ಹೊಡೆದಿದ್ದರೆ ಅರ್ಥಿಂಗ್ ವಯರಿನ ಬೋಲ್ಟ್ ಅಡಿಯ ಬಣ್ಣ ಕೆರೆಯಲು ಮರೆಯಬೇಡಿ.

ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಚಕ್ರವಾದ ಮ್ಯಾಗ್ನೆಟ್ ಬಿಚ್ಚಿದವರಿಗೆ ಮಾತ್ರ ಒಂದು ಮಾತು. ಅದನ್ನು ಕ್ರ್ಯಾಂಕಿನ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವುದು ಅರ್ಧಚಂದ್ರದ ಒಂದು ಪುಟ್ಟ ಕೀ. ನಟ್ ಸಡಿಲ ಬಿಟ್ಟಿದ್ದರೆ ಕೀ ಕತ್ತರಿಸಿ, ಮ್ಯಾಗ್ನೆಟ್ ತುಸು ಜರುಗುತ್ತದೆ. ಕಿಡಿ ಬಲವಾಗಿಯೇ ಇರುತ್ತದೆ, ಬರುವ ಹೊತ್ತು ಮಾತ್ರ ತಪ್ಪು. ಕಿಕ್ ತಿರುಗಿ ಒದೆಯುವುದು, ಕಾರ್ಬುರೇಟರಿನಿಂದ ‘ಫಟ್’ ಅನ್ನುವುದು ಇದರ ಲಕ್ಷಣ.

ಟ್ಯಾಪೆಟ್ಟು ಮತ್ತು ಟೈಮಿಂಗ್ ಚೈನು

ಹೆಡ್ ಕಡೆ ಕೈ ಹಾಕಿದ್ದರೆ ಮೇಲಿನದೆಲ್ಲ ಬಿಟ್ಟು ಇಲ್ಲಿಂದಲೇ ಶುರು ಮಾಡಿ. ಸೂಕ್ಷ್ಮ ಕೆಲಸವೆಲ್ಲ ಇರುವುದು ಇಲ್ಲೇ.

ಫೋರ್-ಸ್ಟ್ರೋಕ್ ಇಂಜಿನ್ನಿನ ಪಿಸ್ಟನ್ ಒಂದು ಪೂರ್ತಿ ಚಕ್ರದಲ್ಲಿ ಎರಡು ಸಲ ತುದಿ ಮುಟ್ಟುತ್ತದೆ. ಒಂದು ಸಲ ಗಾಳಿ-ಪೆಟ್ರೋಲನ್ನು ಅದುಮಿ, ಇನ್ನೊಂದು ಸಲ ಹೊಗೆಯನ್ನು ಹೊರದಬ್ಬಿ. ಎರಡೂ ಸಲ ಮ್ಯಾಗ್ನೆಟ್ಟಿನ ‘ಟಿ’ ಗುರುತು ಕಿಟಕಿಯಲ್ಲಿ ಒಂದೇ ರೀತಿ ಕಾಣುತ್ತದೆ. ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಸಂದು, ನೋಡಬೇಕಾದದ್ದು ಅದುಮಿದ ತುದಿಯಲ್ಲಿ, ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ. ಹೊಗೆ ಹೊರಹೋದ ತುದಿಯಲ್ಲಿ ಎಕ್ಸಾಸ್ಟ್ ಇನ್ನೂ ಮುಚ್ಚುತ್ತಿರುತ್ತದೆ, ಇಂಟೇಕ್ ಆಗಲೇ ತೆರೆಯತೊಡಗಿರುತ್ತದೆ. ಅಲ್ಲಿ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಲು ಹೋದರೆ ತೂರುವುದಿಲ್ಲ. ‘ಓ, ತೀರಾ ಬಿಗಿ ಇದೆ’ ಎಂದುಕೊಂಡು ಸ್ಕ್ರೂ ಸಡಿಲಿಸುತ್ತೀರಿ. ಗೇಜ್ ತೂರುತ್ತದೆ, ಸಮಾಧಾನವಾಗುತ್ತದೆ. ನಿಜವಾದ ಸಂದು ಈಗ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸ್ಟಾರ್ಟ್ ಮಾಡಿದರೆ ಹೊಲಿಗೆ ಯಂತ್ರದಂತೆ ಟಕಟಕ. ವಾಲ್ವ್ ತಡವಾಗಿ ತೆರೆದು, ಕಡಿಮೆ ಎದ್ದು, ಬೇಗ ಮುಚ್ಚುತ್ತದೆ. ಇಂಜಿನ್ನಿಗೆ ಉಸಿರು ಸಾಲುವುದಿಲ್ಲ.

ಸರಿಯಾದ ತುದಿ ಯಾವುದೆಂದು ತಿಳಿಯಲು ಪ್ಲಗ್ ತೆಗೆದು ರಂಧ್ರಕ್ಕೆ ಹೆಬ್ಬೆರಳು ಒತ್ತಿ, ಸ್ಪ್ಯಾನರಿನಿಂದ ಕ್ರ್ಯಾಂಕನ್ನು ನಿಧಾನ ತಿರುಗಿಸಿ. ಗಾಳಿ ಬೆರಳನ್ನು ತಳ್ಳುವ ಸುತ್ತು ನಿಮ್ಮದು. ‘ಟಿ’ ಬಂದ ಮೇಲೆ ಕ್ರ್ಯಾಂಕನ್ನು ಸ್ವಲ್ಪ ಹಿಂದೆ ಮುಂದೆ ಅಲುಗಾಡಿಸಿ. ರಾಕರುಗಳು ಅಲುಗಾಡದೆ ಸುಮ್ಮನಿದ್ದರೆ ಸರಿಯಾದ ಜಾಗ. ಕ್ರ್ಯಾಂಕಿನ ಜತೆಗೇ ಕುಣಿದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಬೇಕು. ಇಂಜಿನ್ ತಣ್ಣಗಿರಬೇಕು, ರಾತ್ರಿಯಿಡೀ ನಿಂತಿದ್ದರೆ ಒಳ್ಳೆಯದು.

ತೀರಾ ಬಿಗಿಯಾದ ಟ್ಯಾಪೆಟ್ ಸದ್ದೇ ಮಾಡುವುದಿಲ್ಲ. ಅಪಾಯ ಇರುವುದೇ ಅಲ್ಲಿ. ತಣ್ಣಗಿದ್ದಾಗ ಗಾಡಿ ಸರಿಯಾಗಿರುತ್ತದೆ, ಬಿಸಿಯಾದಂತೆ ವಾಲ್ವ್ ಉದ್ದವಾಗಿ ಸೀಟಿನ ಮೇಲೆ ಪೂರ್ತಿ ಕೂರದಂತಾಗುತ್ತದೆ, ಕಂಪ್ರೆಷನ್ ಸೋರುತ್ತದೆ, ಐಡಲ್ ಸಾಯುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಡ್ಡಿಗೆ ದಾಟಿಸುವುದು ಬಹುಪಾಲು ಸೀಟಿನ ಮೇಲೆ ಕೂತಾಗಲೇ. ಕೂರಲು ಬಿಡದಿದ್ದರೆ ಅದರ ಅಂಚು ಸುಟ್ಟುಹೋಗುತ್ತದೆ. ಟಕಟಕ ಸದ್ದಿಗೆ ಹೆದರಿ ಬಿಗಿ ಮಾಡುವವರಿಗೆ ನಾನು ಹೇಳುವುದು ಇಷ್ಟೇ: ಸ್ವಲ್ಪ ಸದ್ದು ಮಾಡುವ ವಾಲ್ವ್ ಬದುಕುತ್ತದೆ.

ಇನ್ನು ಚೈನು, ವಾಲ್ವ್ ತೆರೆಯುವ ಕ್ಯಾಮನ್ನು ಕ್ರ್ಯಾಂಕಿನಿಂದ ತಿರುಗಿಸುವುದು ಇದೇ. ಕ್ಯಾಮ್ ಸ್ಪ್ರಾಕೆಟ್ಟಿಗೆ 34 ಹಲ್ಲುಗಳಿದ್ದರೆ ಒಂದು ಹಲ್ಲು ಎಂದರೆ ಕ್ಯಾಮ್‌ನಲ್ಲಿ 10.6 ಡಿಗ್ರಿ. ಕ್ರ್ಯಾಂಕ್ ಅದರ ಎರಡು ಪಟ್ಟು ತಿರುಗುವುದರಿಂದ ಅಲ್ಲಿ 21 ಡಿಗ್ರಿ. ಒಂದೇ ಹಲ್ಲು ತಪ್ಪಿದರೂ ಗಾಡಿ ಸ್ಟಾರ್ಟ್ ಆಗಬಹುದು, ಅದೇ ಮೋಸ. ಕ್ಯಾಮ್ ಹಿಂದೆ ಬಿದ್ದರೆ ಕಡಿಮೆ ವೇಗದಲ್ಲಿ ಜೀವ ಇರುವುದಿಲ್ಲ, ಮುಂದೆ ಹೋದರೆ ಮೇಲಿನ ವೇಗದಲ್ಲಿ ಸೋಲುತ್ತದೆ. ಈ ತಪ್ಪಿನ ಹಿಂದೆ ಹಲವು ಸಲ ಇನ್ನೊಂದು ತಪ್ಪಿರುತ್ತದೆ: ಮ್ಯಾಗ್ನೆಟ್ಟಿನಲ್ಲಿ ‘ಟಿ’ ಬದಲು ‘ಎಫ್’ ಗುರುತನ್ನು ಹಿಡಿಯುವುದು. ‘ಎಫ್’ ಕಿಡಿ ಹಾರುವ ಗುರುತು, ತುದಿಗಿಂತ ಸಾಮಾನ್ಯವಾಗಿ 10-15 ಡಿಗ್ರಿ ಮುಂಚೆ ಬರುತ್ತದೆ. ಟ್ಯಾಪೆಟ್ ಅಳತೆಗೆ ಈ ವ್ಯತ್ಯಾಸದಿಂದ ದೊಡ್ಡ ನಷ್ಟವಿಲ್ಲ, ವಾಲ್ವುಗಳು ಆಗಲೂ ಮುಚ್ಚಿಯೇ ಇರುತ್ತವೆ. ಚೈನ್ ಹಾಕುವಾಗ ಮಾತ್ರ ಸ್ಪ್ರಾಕೆಟ್ಟಿನ ಗುರುತು ಅರ್ಧ ಹಲ್ಲು ಆಚೆಗೂ ಕೂರದೆ ಈಚೆಗೂ ಕೂರದೆ ನಿಲ್ಲುತ್ತದೆ, ನಾವು ‘ಇಷ್ಟೇ ಇರಬೇಕು’ ಎಂದು ಹತ್ತಿರದ ಹಲ್ಲಿಗೆ ಹಾಕಿಬಿಡುತ್ತೇವೆ. ಗುರುತು ಅರ್ಧ ಹಲ್ಲು ತಪ್ಪಿ ಕಂಡರೆ ಮೊದಲು ಕಿಟಕಿಯಲ್ಲಿನ ಅಕ್ಷರ ಓದಿ. ಟೆನ್ಷನರ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಗುರುತುಗಳು ವಾಪಸು ಅದೇ ಜಾಗಕ್ಕೆ ಬಂದವೇ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬೇಡಿ. ವಾಲ್ವ್ ಪಿಸ್ಟನ್ನಿಗೆ ತಾಗುತ್ತಿರಬಹುದು.

ಕಂಪ್ರೆಷನ್ ಗೇಜ್ ಎರವಲು ಸಿಕ್ಕರೆ ಉಳಿದ ಅನುಮಾನ ತೀರುತ್ತದೆ. ಇಂಜಿನ್ ಬೆಚ್ಚಗಿರಲಿ, ಆಕ್ಸಿಲರೇಟರ್ ಪೂರ್ತಿ ತೆರೆದಿರಲಿ. ಮುಚ್ಚಿಟ್ಟರೆ ಗಾಳಿಯೇ ಒಳಗೆ ಹೋಗದೆ ಒಳ್ಳೆಯ ಇಂಜಿನ್ನೂ ಸತ್ತಂತೆ ತೋರಿಸುತ್ತದೆ. ಅಂಕಿ ಮ್ಯಾನ್ಯುಯಲ್ ಹೇಳಿದ್ದಕ್ಕಿಂತ ಬಹಳ ಕಡಿಮೆ ಬಂದರೆ ಪ್ಲಗ್ ರಂಧ್ರದಿಂದ ಸುಮಾರು 5 ಮಿ.ಲೀ. ಆಯಿಲ್ ಹಾಕಿ ಮತ್ತೆ ಅಳೆಯಿರಿ. ಅಂಕಿ ಏರಿದರೆ ಪಿಸ್ಟನ್ ರಿಂಗಿನ ಕಡೆ ಸೋರಿಕೆ, ಆಯಿಲ್ ಅದನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ವಾಲ್ವ್, ಹೆಡ್ ಪ್ಯಾಕಿಂಗ್ ಅಥವಾ ಕ್ಯಾಮ್ ಟೈಮಿಂಗ್. ಸ್ಟಾರ್ಟಿಂಗ್ ಸುಲಭವಾಗಲೆಂದು ಕ್ಯಾಮ್‌ನಲ್ಲೇ ಡಿಕಂಪ್ರೆಸರ್ ಇರುವ ಇಂಜಿನ್ನುಗಳು ಸಹಜವಾಗಿಯೇ ಕಡಿಮೆ ತೋರಿಸುತ್ತವೆ, ಅದು ನೆನಪಿರಲಿ. ಹೊಸ ರಿಂಗ್ ಹಾಕಿದ್ದರೆ ಗುರುತಿರುವ ಮುಖ ಮೇಲಿತ್ತಾ, ಬಾಯಿಗಳನ್ನು ಒಂದರ ಕೆಳಗೊಂದು ಬರದಂತೆ ಸುತ್ತಲೂ ಹಂಚಿದ್ದಿರಾ ಎಂದು ನೆನಪಿಸಿಕೊಳ್ಳಿ.

ಫ್ಯೂಯಲ್ ಇಂಜೆಕ್ಷನ್ ಗಾಡಿಗಳು

ಇಲ್ಲಿ ತಿರುಗಿಸಲು ಸ್ಕ್ರೂ ಕಡಿಮೆ, ಅದೊಂದು ಪುಣ್ಯ. ಮನೆ ರಿಪೇರಿಯ ನಂತರದ ತೊಂದರೆ ಬಹುತೇಕ ಹಾಕಲು ಮರೆತ ಅಥವಾ ಅರ್ಧ ಕೂತ ಕನೆಕ್ಟರಿನದು. ಗಾಳಿಯ ಉಷ್ಣತೆಯ ಸೆನ್ಸರ್, ಒತ್ತಡದ ಸೆನ್ಸರಿಗೆ ಹೋಗುವ ಸಣ್ಣ ಪೈಪು, ಇಂಜೆಕ್ಟರಿನ ಒ-ರಿಂಗ್, ಈ ಮೂರನ್ನು ಮೊದಲು ನೋಡಿ. ಮೀಟರಿನಲ್ಲಿ ಇಂಜಿನ್ ದೀಪ ಮಿನುಗುತ್ತಿದ್ದರೆ ಎಣಿಸಿ. ಹಲವು ಗಾಡಿಗಳಲ್ಲಿ ಉದ್ದ ಮಿನುಗು ಹತ್ತರ ಸ್ಥಾನ, ಗಿಡ್ಡ ಮಿನುಗು ಬಿಡಿಯ ಸ್ಥಾನ, ಸಂಖ್ಯೆಯ ಅರ್ಥ ಮ್ಯಾನ್ಯುಯಲ್‌ನಲ್ಲಿರುತ್ತದೆ. ಥ್ರಾಟಲ್ ಬಾಡಿಯ ಮೇಲೆ ಬಣ್ಣದ ಗುರುತು ಹಾಕಿದ ಸ್ಕ್ರೂ ಕಂಡರೆ ಅದು ‘ಮುಟ್ಟಬೇಡ’ ಎಂಬ ಗುರುತು. ಬಾಡಿ ತೊಳೆದ ಮೇಲೆ ಐಡಲ್ ಮಾತ್ರ ಏರುಪೇರಾಗಿದ್ದರೆ ಗಾಬರಿ ಬೇಡ, ಕೆಲವು ಗಾಡಿಗಳಿಗೆ ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಮತ್ತೆ ಕಲಿಸಿಕೊಡಬೇಕಾಗುತ್ತದೆ. ಬ್ಯಾಟರಿಯನ್ನೂ ಅಳೆಯಿರಿ. ಪಂಪು, ಇಂಜೆಕ್ಟರು, ಕಿಡಿ ಎಲ್ಲ ಅದರ ಮೇಲೇ ನಿಂತಿವೆ. ಚಾರ್ಜ್ ಆಗಿ ಸುಮ್ಮನಿರುವಾಗ 12.6 ವೋಲ್ಟ್ ಆಸುಪಾಸು, ರೇಸ್ ಕೊಟ್ಟಾಗ 13.5ರಿಂದ 14.5 ಇರಬೇಕು.

ಹುಡುಕಾಟದ ನಡುವೆ ಗಾಡಿ ಓಡಿಸಿ ನೋಡುತ್ತಲೇ ಇರಬೇಕಾಗುತ್ತದೆ. ಆದರೆ ಲೋಹ ಬಡಿಯುವ ಸದ್ದು, ಆಯಿಲ್ ದೀಪ, ಅಥವಾ ಪೆಟ್ರೋಲ್ ಸಾಲದ ಲಕ್ಷಣದ ಜತೆಗೆ ವಿಪರೀತ ಬಿಸಿ ಕಂಡರೆ ಅಲ್ಲೇ ಆಫ್ ಮಾಡಿ. ಪೆಟ್ರೋಲ್ ಹೆಚ್ಚಾದ ಇಂಜಿನ್ ಮಸಿ ಕಟ್ಟುತ್ತದೆ, ಕಡಿಮೆಯಾದ ಇಂಜಿನ್ ಪಿಸ್ಟನ್ ಕರಗಿಸುತ್ತದೆ.

ಕಾರಣ ಸಿಕ್ಕ ಮೇಲೆ, ನಡುವೆ ಗಾಬರಿಯಲ್ಲಿ ತಿರುಗಿಸಿದ ಐಡಲ್ ಮತ್ತು ಮಿಕ್ಸ್ಚರ್ ಸ್ಕ್ರೂಗಳನ್ನು ಮ್ಯಾನ್ಯುಯಲ್ ಅಳತೆಗೆ ತನ್ನಿ, ಗಾಡಿ ಬಿಸಿಯಾಗಲು ಬಿಡಿ, ಆಮೇಲಷ್ಟೇ ನಯವಾಗಿ ಹೊಂದಿಸಿ. ಹ್ಯಾಂಡಲ್ಲನ್ನು ಎಡ ಬಲ ಪೂರ್ತಿ ತಿರುಗಿಸಿದಾಗ ಐಡಲ್ ಬದಲಾಗದಿದ್ದರೆ ಕೇಬಲ್ ದಾರಿ ಸರಿಯಿದೆ. ಹತ್ತು ಕಿಲೋಮೀಟರ್ ಓಡಿಸಿ ಬಂದು, ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ ನೋಡಿ. ಒಳಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕೆ ತಿರುಗಿದ್ದರೆ ಸ್ಪ್ಯಾನರುಗಳನ್ನು ಒರೆಸಿ ಎತ್ತಿಡಬಹುದು.